ಎರಡು ಕಾವಲು, ಎರಡು ಕಾಯಿದೆ

ಅಮೇರಿಕದಲ್ಲಿ ಕಾಲೇಜುಗಳಿಗೆ ಬೇಸಗೆ ರಜೆ ಬಂತೆಂದರೆ ಹುಡುಗ ಹುಡುಗಿಯರು ಮೂರು ತಿಂಗಳ ಕೂಲಿ ಹುಡುಕಿಕೊಂಡು ಹೊರಡುತ್ತಾರೆ. ಅವರಲ್ಲಿ ಕೆಲವರು ಪಶ್ಚಿಮದ ಬೆಟ್ಟಸೀಮೆಯ ರ‍್ಯಾಂಚುಗಳಿಗೆ ಹೋಗುತ್ತಾರೆ. ರ‍್ಯಾಂಚ್ ಎಂದರೆ ದನದ ಕಾವಲು. ನಮ್ಮ ಚಿತ್ರದುರ್ಗ ಸೀಮೆಯ ಅಮೃತಮಹಲ್ ಕಾವಲುಗಳನ್ನು ಕಂಡವರಿಗೆ ಅದನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ. ಒಡೆಯ ಮಾತ್ರ ಅಲ್ಲಿ ಖಾಸಗಿ ಮಾಲಿಕ.

ಗಿರಣಿಯಲ್ಲಿ ದುಡಿಯುವ ನಮಗೂ, ಪೇಟೆಯಲ್ಲಿ ಅಂಗಡಿ ಇಟ್ಟವರಿಗೂ ಅಮೇರಿಕದ ದನ ಕಾಯುವವನ ಚಿಂತೆ ಯಾಕೆಂದು ಯಾರಾದರೂ ಕೇಳಬಹುದು. ಅರಿಯದ ಊರಿಗೆ ಕೂಲಿಗೆ ಹೋಗುವವನ ಕಷ್ಟ ಎಲ್ಲ ದೇಶದಲ್ಲೂ ಒಂದೇ. ಅದನ್ನು ದೂರದ ಕನ್ನಡಿಯಲ್ಲಿ ನೋಡಿದರೆ ಒಮ್ಮೊಮ್ಮೆ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ.

ಹೀಗೆಂದುಕೊಳ್ಳಿ: ಒಬ್ಬ ಹುಡುಗನ ಕೈಗೆ ಎರಡು ಕಾಗದ ಬಂದಿವೆ. ಒಂದು ವಯೋಮಿಂಗ್ ರಾಜ್ಯದ ಕಾವಲಿನಿಂದ, ಇನ್ನೊಂದು ಕೊಲರಾಡೊ ರಾಜ್ಯದ ಕಾವಲಿನಿಂದ. ಎರಡೂ ಊರು ಅವನು ಕಂಡದ್ದಲ್ಲ. ಎರಡು ಕಾಗದದಲ್ಲೂ ಬರೆದಿರುವುದು ಒಂದೇ: ಹಿಮದ ಬೆಟ್ಟ, ಒಳ್ಳೆಯ ಕುದುರೆ, ಮಲಗಲು ಮಂಚ, ಮೂರು ಹೊತ್ತಿನ ಊಟ, ಸಂಬಳ ಮಾತಾಡಿಕೊಳ್ಳೋಣ. ಯಾವುದಕ್ಕೆ ಹೋಗಬೇಕು? ಗೆಳೆಯರು ಬೆಟ್ಟ ಯಾವ ಕಡೆ ಚೆಂದ, ಪೇಟೆ ಎಷ್ಟು ದೂರ, ಚಳಿ ಎಷ್ಟು ಎಂಬುದನ್ನೆಲ್ಲ ಹೇಳುತ್ತಾರೆ. ನಾವಾದರೆ ಒಂದೇ ಮಾತು ಹೇಳುತ್ತೇವೆ: ಬೆಟ್ಟ ನೋಡುವುದಕ್ಕೆ ಮುಂಚೆ ಕಾಯಿದೆ ನೋಡು.

ಈ ಎರಡು ರಾಜ್ಯಗಳ ನಡುವಿನ ಗಡಿ ನದಿಯಲ್ಲ, ಬೆಟ್ಟವಲ್ಲ. ನಕ್ಷೆಯ ಮೇಲೆ ಎಳೆದ 41ನೆಯ ಅಕ್ಷಾಂಶದ ಗೆರೆ. ಗೆರೆಯ ಎರಡು ಕಡೆಯೂ ಅದೇ ಹುಲ್ಲು, ಅದೇ ದನ, ಅದೇ ದುಡಿಮೆ. ಹುಲ್ಲುಗಾವಲಿಗೆ ನೀರು ಕಟ್ಟಬೇಕು. ಹುಲ್ಲು ಕೊಯ್ದು, ಒಣಗಿಸಿ, ಪಿಂಡಿ ಕಟ್ಟಿ ಚಳಿಗಾಲಕ್ಕೆ ಒಟ್ಟಬೇಕು. ಮೈಲುಗಟ್ಟಲೆ ಮುಳ್ಳುತಂತಿ ಬಿಗಿಯಬೇಕು. ದನಗಳನ್ನು ಬೆಟ್ಟದ ಮೇವಿಗೆ ಹೊಡೆಯಬೇಕು. ಹುಲ್ಲಿನ ಕಾಲದಲ್ಲಿ ಹೊತ್ತು ಹುಟ್ಟಿದಾಗ ಇಳಿದರೆ ಮುಳುಗಿದ ಮೇಲೆ ಏಳುವ ಕೆಲಸ.

ಆದರೆ ಕೂಲಿಯ ಹಕ್ಕು ಗೆರೆಯ ಎರಡು ಕಡೆ ಒಂದೇ ಅಲ್ಲ.

ಅಮೇರಿಕದ ಕೇಂದ್ರ ಸರಕಾರ 1935ರಲ್ಲಿ ಕಾರ್ಮಿಕರಿಗೆ ಸಂಘ ಕಟ್ಟುವ ಹಕ್ಕನ್ನು ಕಾಯಿದೆಯಲ್ಲಿ ಬರೆಯಿತು. ಬೇಸಾಯದ ಕೂಲಿಗಾರರನ್ನು ಹೊರಗಿಟ್ಟಿತು. 1938ರಲ್ಲಿ ಕನಿಷ್ಠ ಕೂಲಿಯ ಕಾಯಿದೆ ಮಾಡಿತು. ಅಲ್ಲಿಯೂ ಅವರನ್ನೇ ಹೊರಗಿಟ್ಟಿತು. ದಕ್ಷಿಣದ ಜಮೀನುದಾರರ ಮರ್ಜಿ ಕಾಯಲು, ಕರಿಯ ಕೂಲಿಗಾರ ಅಗ್ಗವಾಗಿಯೇ ಉಳಿಯಲೆಂದು, ಈ ಕಿಂಡಿ ಬಿಟ್ಟರೆಂದು ಹಲವು ಇತಿಹಾಸಕಾರರು ಹೇಳುತ್ತಾರೆ. 1966ರಲ್ಲಿ ಕಾಯಿದೆಯನ್ನು ತಿದ್ದಿ ದೊಡ್ಡ ಹೊಲಗಳ ಕೂಲಿಗಾರರನ್ನು ಒಳಗೆ ಸೇರಿಸಿದರು. ಆದರೂ ಮೂರು ತಿಂಗಳ ಅವಧಿಯೊಂದರಲ್ಲಿ 500 ಆಳುದಿನಕ್ಕಿಂತ ಕಡಿಮೆ ದುಡಿಸಿಕೊಳ್ಳುವ ಮಾಲಿಕನಿಗೆ ವಿನಾಯಿತಿ ಉಳಿಯಿತು. ಲೆಕ್ಕ ಹಾಕಿ ನೋಡಿ: ಐವರು ಆಳುಗಳು 90 ದಿನ ಒಂದೂ ರಜೆಯಿಲ್ಲದೆ ದುಡಿದರೂ ಆಗುವುದು 450. ಐದಾರು ಆಳುಗಳ ಕಾವಲು ಕಿಂಡಿಯಲ್ಲಿ ನುಣುಚಿಕೊಂಡಿತು. ಬಯಲಿನಲ್ಲಿ ದನ ಕುರಿ ಮೇಯಿಸುವವನಿಗೆ ಇನ್ನೊಂದು ವಿನಾಯಿತಿ ಬೇರೆ. ಹೆಚ್ಚು ಹೊತ್ತು ದುಡಿದದ್ದಕ್ಕೆ ಒಂದೂವರೆ ಪಟ್ಟು ಕೂಲಿ ಎಂಬ ಕೇಂದ್ರದ ನಿಯಮವಂತೂ ಬೇಸಾಯದವರಿಗೆ ಇಂದಿಗೂ ಇಲ್ಲ.

ಇಲ್ಲಿ ನಮ್ಮ ದೇಶದ ಒಂದು ಮಾತನ್ನು ನೆನೆಯಬೇಕು. ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ ಮಾಡಿದ ನಮ್ಮ ಕನಿಷ್ಠ ವೇತನ ಕಾಯಿದೆ ಬೇಸಾಯದ ಕೂಲಿಯನ್ನು ತನ್ನ ಪಟ್ಟಿಯಲ್ಲಿ ಸೇರಿಸಿಕೊಂಡಿತ್ತು. ಅದು ಹೊಲದ ಬದುವಿನವರೆಗೆ ಎಷ್ಟು ತಲುಪಿತೆಂಬುದು ಬೇರೆ ಪ್ರಶ್ನೆ. ಕಾಗದದ ಮೇಲಾದರೂ ಬಡದೇಶ ಮಾಡಿದ್ದನ್ನು ಶ್ರೀಮಂತ ದೇಶ ಆಗ ಮಾಡಿರಲಿಲ್ಲ.

ಕೇಂದ್ರ ಬಿಟ್ಟ ಕಿಂಡಿಯನ್ನು ಮುಚ್ಚಬೇಕಾದ್ದು ರಾಜ್ಯಗಳು. ವಯೋಮಿಂಗನ್ನು ನೋಡಿ. ಕರ್ನಾಟಕಕ್ಕಿಂತ ದೊಡ್ಡ ನೆಲ. 2020ರ ಜನಗಣತಿಯಲ್ಲಿ ಆರು ಲಕ್ಷಕ್ಕೂ ಕಡಿಮೆ ಜನ. ಜನಕ್ಕಿಂತ ದನ ಹೆಚ್ಚು. 1869ರಷ್ಟು ಹಿಂದೆಯೇ ಹೆಂಗಸರಿಗೆ ಮತ ಕೊಟ್ಟ ಸೀಮೆ ಅದು. ಸಮಾನತೆಯ ರಾಜ್ಯವೆಂಬ ಬಿರುದು ಹೊತ್ತಿದೆ. ಆದರೆ ಅದರ ಪುಸ್ತಕದಲ್ಲಿರುವ ಕನಿಷ್ಠ ಕೂಲಿ ಗಂಟೆಗೆ 5.15 ಡಾಲರ್. ಕೇಂದ್ರದ ದರವೇ 2009ರಿಂದ 7.25ಕ್ಕೆ ನಿಂತಿದೆ; ಇದು ಅದಕ್ಕೂ ಕೆಳಗೆ. ಸಣ್ಣ ಕಾವಲಿನ ಆಳಿಗೆ ಅಲ್ಲಿ ಉಳಿಯುವ ಆಧಾರ ಮಾಲಿಕನ ಬಾಯಿಮಾತು.

ಗೆರೆಯ ತೆಂಕಣ ಕಡೆ ಕೊಲರಾಡೊ 2021ರಲ್ಲಿ ಬೇಸಾಯದ ಕಾರ್ಮಿಕರ ಹಕ್ಕಿನ ಕಾಯಿದೆ ಮಾಡಿತು. ರಾಜ್ಯದ ಕನಿಷ್ಠ ಕೂಲಿ ಅವರಿಗೂ ಬಂತು. 2025ರಲ್ಲಿ ಅದು ಗಂಟೆಗೆ 14.81 ಡಾಲರ್. ಸಂಘ ಕಟ್ಟುವ ಹಕ್ಕು ಬಂತು. 2025ರಿಂದ ಸಾಮಾನ್ಯವಾಗಿ ವಾರಕ್ಕೆ 48 ಗಂಟೆ ಮೀರಿದ ದುಡಿಮೆಗೆ ಒಂದೂವರೆ ಪಟ್ಟು. ಸುಗ್ಗಿಯ ವಾರಗಳಲ್ಲಿ ಕೆಲವು ಮಾಲಿಕರಿಗೆ ಈ ಮಿತಿ 56 ಗಂಟೆ. ದಿನಕ್ಕೆ 12 ಗಂಟೆಯಂತೆ ಆರು ದಿನ ದುಡಿದವನಿಗೆ 2025ರ ದರದಂತೆ 48 ಗಂಟೆಯ ಲೆಕ್ಕದಲ್ಲಿ ವಾರಕ್ಕೆ ಸುಮಾರು 1,244 ಡಾಲರ್ ಸಲ್ಲಬೇಕಾಗಿತ್ತು. ಇದು ಬೇಡಿ ಪಡೆಯುವ ಉಡುಗೊರೆಯಲ್ಲ, ಕೇಳಿ ಪಡೆಯುವ ಹಕ್ಕು.

ಹಾಗೆಂದು ಕೊಲರಾಡೊದಲ್ಲಿ ಹಾಲಿನ ಹೊಳೆ ಹರಿಯುತ್ತದೆಂದು ನಾವು ಹೇಳುವುದಿಲ್ಲ. ಬಯಲಿನಲ್ಲೇ ಮಲಗಿ ಮಂದೆ ಕಾಯುವವನಿಗೆ ಅದೇ ಕಾಯಿದೆ ಗಂಟೆಯ ಲೆಕ್ಕ ಬಿಟ್ಟು 2022ರ ಜನವರಿಯಿಂದ ವಾರಕ್ಕೆ 515 ಡಾಲರ್ ಎಂದು ಗೊತ್ತುಮಾಡಿತು. ಮುಂದೆ ಬೆಲೆಯೇರಿಕೆಗೆ ತಕ್ಕಂತೆ ಏರಿಸಬೇಕೆಂದಿತು. ವಾರದ ಏಳು ದಿನ, ದಿನಕ್ಕೆ 12 ಗಂಟೆ ಎಂದು ಹಿಡಿದರೂ 515 ಡಾಲರಿಗೆ ಗಂಟೆಗೆ ಆರು ಡಾಲರ್ ಚಿಲ್ಲರೆ ಬೀಳುತ್ತದೆ. ಬೇಲಿಯೊಳಗಿನವನಿಗೆ ಒಂದು ನ್ಯಾಯ, ಬಯಲಿನವನಿಗೆ ಇನ್ನೊಂದು.

ಆ ಬಯಲಿನವನು ಯಾರು? ಹೆಚ್ಚಾಗಿ ಪೆರು ದೇಶದ ಬಡ ಕುರಿಗಾಹಿ. ಹಂಗಾಮಿ ಕೂಲಿಯ ಪರವಾನಿಗೆಯ ಮೇಲೆ ಬಂದವನು. ಪಶ್ಚಿಮದ ಹಲವು ರಾಜ್ಯಗಳಲ್ಲಿ ಅವನಿಗೆ ಬಹುಕಾಲ ತಿಂಗಳಿಗೆ 750 ಡಾಲರ್ ಸಂಬಳ. 2015ರಲ್ಲಿ ಕೇಂದ್ರ ಸರಕಾರ ಸಂಬಳ ಏರಿಸಿತು. ಹಗಲೂ ರಾತ್ರಿಯೂ ಮಂದೆಯ ಹತ್ತಿರವೇ ಇರುವವನ ದುಡಿಮೆಯನ್ನು ವಾರಕ್ಕೆ 48 ಗಂಟೆಯೆಂದು ಲೆಕ್ಕ ಹಿಡಿಯಿತು! ಅವನ ಪರವಾನಿಗೆ ಕರೆಸಿಕೊಂಡ ಮಾಲಿಕನಿಗೆ ಕಟ್ಟಿದ್ದು. ಕೆಲಸ ಬಿಟ್ಟರೆ ದೇಶವನ್ನೂ ಬಿಡಬೇಕಾದೀತು. ಎರಡು ಕಾಗದ ಮುಂದಿಟ್ಟುಕೊಂಡು ಯಾವುದು ಒಳ್ಳೆಯದೆಂದು ಯೋಚಿಸುವ ಭಾಗ್ಯ ಕಾಲೇಜು ಹುಡುಗನದು. ಈ ಕುರಿಗಾಹಿಗೆ ಬಂದ ಕಾಗದ ಒಂದೇ. ಬಿಟ್ಟು ಹೋಗಲಾಗದವನಿಗೆ ಆಯ್ಕೆ ಎಂಬ ಮಾತೇ ಇಲ್ಲ.

ಕೂಲಿ ಏರಿಸಿದರೆ ಸಣ್ಣ ಕಾವಲಿನವನು ಮುಳುಗುತ್ತಾನೆ ಎಂಬ ವಾದವನ್ನು ನಾವು ತಳ್ಳಿಹಾಕುವುದಿಲ್ಲ. ನಮ್ಮ ಓದುಗರಲ್ಲಿ ಸಣ್ಣ ವ್ಯಾಪಾರಿಗಳಿದ್ದಾರೆ. ಒಂದಿಬ್ಬರು ಆಳುಗಳನ್ನು ಇಟ್ಟುಕೊಂಡವರ ಸಂಕಟ ಅವರಿಗೆ ಗೊತ್ತು. ಆದರೆ ಆ ಸಣ್ಣ ಮಾಲಿಕನನ್ನು ಹಿಂಡುತ್ತಿರುವವರು ಯಾರು? ಅಮೇರಿಕದಲ್ಲಿ ಕೊಬ್ಬಿಸಿದ ದನಗಳಲ್ಲಿ ನೂರಕ್ಕೆ ಸುಮಾರು 85ನ್ನು ಕೊಳ್ಳುವವರು ನಾಲ್ಕೇ ಕಂಪನಿಗಳವರು. ದರ ಅವರದು, ತೂಕ ಅವರದು. ಇನ್ನು ಕಾವಲಿನವರಿಗೆ ಸರಕಾರದ ಒತ್ತಾಸೆ ಇಲ್ಲವೆನ್ನುವಂತಿಲ್ಲ: ಕೇಂದ್ರದ ಭೂಮಿಯಲ್ಲಿ ಒಂದು ಹಸು ಮತ್ತು ಕರುವನ್ನು ತಿಂಗಳು ಪೂರ್ತಿ ಮೇಯಿಸಲು 2025ರಲ್ಲಿ ಕೊಡಬೇಕಾಗಿದ್ದದ್ದು 1.35 ಡಾಲರ್ ಮಾತ್ರ. ಹಸುವಿನ ಮೇವಿಗೆ ಸಾರ್ವಜನಿಕರ ನೆಲ ಅಗ್ಗವಾಗಿ ಸಿಗುವಲ್ಲಿ ಆಳಿನ ಕೂಲಿಗೆ ಕಾಯಿದೆ ಸಿಗಬಾರದೇ? ಪೇಟೆಯಲ್ಲಿ ದೊಡ್ಡವರು ಕಿತ್ತುಕೊಂಡದ್ದನ್ನು ಸಣ್ಣ ಮಾಲಿಕ ಹಟ್ಟಿಯ ಆಳಿನಿಂದ ವಸೂಲು ಮಾಡಿದರೆ ಇಬ್ಬರೂ ಉಳಿಯುವುದಿಲ್ಲ. ಅವನ ಜಗಳ ಇರಬೇಕಾದ್ದು ಮೇಲಿನವನ ಸಂಗಡ.

ಈ ಹೋರಾಟ ಹೊಸದೂ ಅಲ್ಲ. 1883ರಲ್ಲಿ ಟೆಕ್ಸಾಸಿನ ಉತ್ತರದ ಕಾವಲುಗಳಲ್ಲಿ ದನಗಾಹಿಗಳು ಮುಷ್ಕರ ಹೂಡಿದರು. ಹೊರಗಿನ ಬಂಡವಳಿಗರು ಕಾವಲುಗಳನ್ನು ಕೊಂಡು, ಆಳುಗಳು ತಮ್ಮದೆಂದು ನಾಲ್ಕು ದನ ಸಾಕಿಕೊಳ್ಳುವ ಹಳೆಯ ರೂಢಿಯನ್ನು ನಿಲ್ಲಿಸಿದ್ದರು. ತಿಂಗಳಿಗೆ 50 ಡಾಲರ್ ಸಂಬಳ ಬೇಕೆಂಬುದು ಬೇಡಿಕೆ. ಕೆಲವೇ ತಿಂಗಳಲ್ಲಿ ಮುಷ್ಕರ ಮುರಿಯಿತು. ಬದಲಿ ಆಳುಗಳು ಸುಲಭವಾಗಿ ಸಿಕ್ಕಿದ್ದರು. ಸಿನಿಮಾದಲ್ಲಿ ಕುದುರೆಯೇರಿ ಒಂಟಿಯಾಗಿ ಹೋಗುವ ಧೀರನನ್ನು ನಾವೆಲ್ಲ ನೋಡಿದ್ದೇವೆ. ಸಂಬಳ ಕೇಳಿ ಸಾಲಾಗಿ ನಿಂತವನನ್ನು ಯಾವಾಗಲಾದರೂ ತೋರಿಸಿದರೆ?

ಆದ್ದರಿಂದ ಆ ಹುಡುಗನಿಗೆ ನಮ್ಮ ಸಲಹೆ ಇದು. ಎರಡೂ ಕಡೆಗೆ ಮರುಟಪಾಲು ಬರೆದು ಐದು ಪ್ರಶ್ನೆ ಕೇಳು. ಕೂಲಿ ಗಂಟೆಗೋ, ತಿಂಗಳಿಗೋ? ವಾರದಲ್ಲಿ ಬಿಡುವಿನ ದಿನ ಯಾವುದು? ಊಟ ವಸತಿಯ ಬಾಬತ್ತು ಕೂಲಿಯಲ್ಲಿ ಮುರಿದುಕೊಳ್ಳುತ್ತೀರೋ? ಕುದುರೆಯಿಂದ ಬಿದ್ದು ಕಾಲು ಮುರಿದರೆ ಆಸ್ಪತ್ರೆಯ ಖರ್ಚು ಯಾರದು? ನಡುವೆ ಬಿಟ್ಟು ಬಂದರೆ ಅಲ್ಲಿಯವರೆಗಿನ ಕೂಲಿ ಯಾವ ದಿನ ಕೈಗೆ ಬರುತ್ತದೆ? ಇವಕ್ಕೆ ಸಹಿ ಹಾಕಿದ ಉತ್ತರ ವಯೋಮಿಂಗಿನಿಂದ ಬಂದು, ಕೊಲರಾಡೊದಿಂದ ಬರದೆ ಹೋದರೆ ವಯೋಮಿಂಗಿಗೇ ಹೋಗು. ಒಳ್ಳೆಯ ಮಾಲಿಕ ಎಲ್ಲಿಯೂ ಇದ್ದಾನು. ಎರಡೂ ಕಡೆಯಿಂದ ಒಂದೇ ಬಗೆಯ ಉತ್ತರ ಬಂದರೆ ಕೊಲರಾಡೊಗೆ ಹೋಗು. ಮಾಲಿಕನ ಒಳ್ಳೆಯತನ ಅವನ ಮನಸ್ಸಿನಂತೆ ಬದಲಾಗುತ್ತದೆ. ಕಾಯಿದೆ ಇದ್ದರೆ ದೂರು ಕೊಡಲು ಒಂದು ಬಾಗಿಲಾದರೂ ಇರುತ್ತದೆ.

ಇದೇ ಪ್ರಶ್ನೆಗಳನ್ನು ನಮ್ಮ ಕೇರಿಗಳಲ್ಲಿಯೂ ಕೇಳಬೇಕಾಗಿದೆ. ಬರ ಬಿದ್ದ ವರ್ಷ ಕೊಡಗಿನ ಕಾಫಿ ತೋಟವೋ ಗೋವೆಯ ಕಟ್ಟಡದ ಕೆಲಸವೋ ಎಂದು ಮನೆಯಲ್ಲಿ ಮಾತಾಡಿಕೊಳ್ಳುವಾಗ ಮೇಸ್ತ್ರಿಯ ಮುಂಗಡ ಮೊದಲೇ ಕೈಗೆ ಬಂದಿರುತ್ತದೆ. ಮರಾಠವಾಡದಿಂದ ಬೆಳಗಾವಿಯ ಕಡೆಗೆ ಕಬ್ಬು ಕಡಿಯಲು ಬರುವ ಗಂಡ ಹೆಂಡಿರೂ ಮುಂಗಡ ತೀರುವ ತನಕ ಗದ್ದೆ ಬಿಡುವಂತಿಲ್ಲ. ಮುಂಗಡ ತೆಗೆದುಕೊಂಡವನ ಆಯ್ಕೆ ಅಲ್ಲಿಗೇ ಮುಗಿಯಿತು.

ಒಂದು ರಾಜ್ಯ ತನ್ನ ಗಡಿಯೊಳಗೆ ಕಾಯಿದೆ ಬದಲಿಸಿತು. ಅದೇ ಹುಲ್ಲು, ಅದೇ ದನ, ಅದೇ ಬೆವರು. ಕೂಲಿ ಮಾತ್ರ ಬೇರೆಯಾಯಿತು. ಪ್ರಕೃತಿ ಕೊಟ್ಟ ಬಡತನ ಎನ್ನುವವರಿಗೆ ಇದೇ ಉತ್ತರ. ಗಿರಣಿಯಲ್ಲಿ ಸಂಘ ಕಟ್ಟಿದ ನಾವು ಊರು ಬಿಟ್ಟು ಕೂಲಿಗೆ ಹೊರಟ ಅಣ್ಣತಮ್ಮಂದಿರಿಗೆ ಬಸ್ ನಿಲ್ದಾಣದಲ್ಲಿ ಬುತ್ತಿ ಕಟ್ಟಿಕೊಟ್ಟರೆ ಸಾಲದು. ಈ ಐದು ಪ್ರಶ್ನೆಗಳನ್ನೂ, ಹೋದ ಊರಿನ ಕಾರ್ಮಿಕ ಸಂಘದ ವಿಳಾಸವನ್ನೂ ಬರೆದು ಕೈಗಿಡಬೇಕು. ಈ ಸುಗ್ಗಿಯಿಂದಲೇ ಆ ಕೆಲಸಕ್ಕೆ ಕೈಹಾಕೋಣ.