ವಿರಾಮವೂ ಒಂದು ವಿದ್ಯೆ

'ದೇಶ ಸುತ್ತು, ಇಲ್ಲವೆ ಕೋಶ ಓದು' ಎಂದು ಹಿರಿಯರು ಹೇಳುತ್ತ ಬಂದಿದ್ದಾರೆ. ನಮ್ಮ ಮನೆತನದಲ್ಲಿ ಕೋಶ ಓದಲೆಂದು ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗ ನಾನು. ದೇಶ ಸುತ್ತುವ ಭಾಗ್ಯವೂ ಕಳೆದ ದಸರೆಯಲ್ಲಿ ಒದಗಿತು. ಆದರೆ ನಾನು ಸುತ್ತಲಿಲ್ಲ. ನೇಪಾಳದ ಪೊಖರಾ ಎಂಬ ಬೆಟ್ಟದ ಊರಿಗೆ ಹೋಗಿ, ಏಳು ದಿನ ಸುಮ್ಮನೆ ಕುಳಿತು ಬಂದೆ. 'ಅದಕ್ಕಾಗಿ ಅಷ್ಟು ದೂರ ಹೋಗಬೇಕಿತ್ತೆ?' ಎಂದು ಗೆಳೆಯರು ನಕ್ಕರು. ಹೋಗಬೇಕಿತ್ತು ಎಂಬುದೇ ಈ ಲೇಖನದ ವಾದ.

ನಾವು ವಿದ್ಯಾರ್ಥಿಗಳು ಕೈಕೊಳ್ಳುವ ಪ್ರವಾಸಗಳನ್ನು ಎಲ್ಲರೂ ಬಲ್ಲರು. ಐದು ದಿನಗಳಲ್ಲಿ ಹನ್ನೆರಡು ಸ್ಥಳಗಳು. ರಾತ್ರಿಯೆಲ್ಲ ಬಸ್ಸು, ಹಗಲೆಲ್ಲ ಓಟ. ದೇವಾಲಯದೆದುರು ನಿಂತು ಚಿತ್ರ ತೆಗೆಸಿಕೊಳ್ಳುವಷ್ಟರಲ್ಲಿ ಅಧ್ಯಾಪಕರ ಸೀಟಿ ಕೇಳಿಸುತ್ತದೆ. ಹಿಂತಿರುಗಿದ ಮೇಲೆ ನೆನಪಿನಲ್ಲಿ ಉಳಿಯುವುದು ಬಸ್ಸಿನ ಕಿಟಕಿ ಮಾತ್ರ. ಹೀಗೆ ನೋಡುವುದಕ್ಕಿಂತ ಒಂದೇ ಊರಿನಲ್ಲಿ ನೆಲೆನಿಂತು ಅದನ್ನು ಅರಿಯುವುದು ಲೇಸೆಂದು ನನಗೆ ತೋರಿತು. ಎರಡು ಬೇಸಗೆ ರಜೆಗಳಲ್ಲಿ ಹೋಟೆಲೊಂದರಲ್ಲಿ ದುಡಿದು ಕೂಡಿಸಿದ ಹಣವಿತ್ತು. ಬೆನ್ನಿಗೊಂದು ಚೀಲ ಏರಿಸಿ ಹೊರಟೆ.

ನೇಪಾಳ ಪರದೇಶವಾದರೂ ನಮ್ಮವರಿಗೆ ಅಲ್ಲಿ ವೀಸಾ ಬೇಕಿಲ್ಲ. ಭೂಮಾರ್ಗವಾಗಿ ಹೋಗುವವರಿಗೆ ಮತದಾರರ ಗುರುತಿನ ಚೀಟಿಯೇ ಸಾಕು. 1950ರ ಜುಲೈ 31ರಂದು ಎರಡು ದೇಶಗಳು ಮಾಡಿಕೊಂಡ ಮೈತ್ರಿ ಒಪ್ಪಂದದಂತೆ ಇಲ್ಲಿಯವರು ಅಲ್ಲಿ, ಅಲ್ಲಿಯವರು ಇಲ್ಲಿ ಓಡಾಡಬಹುದು, ನೆಲೆಸಬಹುದು, ದುಡಿಯಬಹುದು. ಯಶವಂತಪುರದಿಂದ ಗೋರಖ್‌ಪುರಕ್ಕೆ ಸುಮಾರು ಎರಡು ದಿನದ ರೈಲು; ಅಲ್ಲಿಂದ ಸೋನೌಲಿಯ ಗಡಿಗೆ ಬಸ್ಸು. ಗಡಿ ದಾಟಿದೊಡನೆ ಗಡಿಯಾರವನ್ನು ಕಾಲು ಗಂಟೆ ಮುಂದಿಟ್ಟುಕೊಂಡೆ. ಮುಂದೆ ಭಾರತದ ನೆರವಿನಿಂದ ನಿರ್ಮಾಣವಾದ ಸಿದ್ಧಾರ್ಥ ಹೆದ್ದಾರಿಯಲ್ಲಿ ಬುಟ್ವಲ್, ಪಾಲ್ಪಾಗಳ ಮೂಲಕ ಸುಮಾರು 180 ಕಿಲೋಮೀಟರ್ ಘಟ್ಟದ ಹಾದಿ.

ಪೊಖರಾ ಇರುವುದು ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿ. ನಮ್ಮ ಬೆಂಗಳೂರೇ ಅದಕ್ಕಿಂತ ಎತ್ತರ! ಆದರೆ ಬೆಳಗಿನಲ್ಲಿ ಫೇವಾ ಸರೋವರದ ದಡಕ್ಕೆ ಬಂದು ತಲೆಯೆತ್ತಿದರೆ, ಸುಮಾರು ಮೂವತ್ತು ಕಿಲೋಮೀಟರ್ ದೂರದಲ್ಲೇ 6,993 ಮೀಟರಿನ ಮಾಛಾಪುಛ್ರೆ ಶಿಖರ ಬೆಳ್ಳಗೆ ನಿಂತಿರುತ್ತದೆ. ಆ ಹೆಸರಿಗೆ ಮೀನಿನ ಬಾಲ ಎಂದರ್ಥ. ಅಲ್ಲಿಯ ಜನಕ್ಕೆ ಅದು ಪವಿತ್ರ ಪರ್ವತ. 1957ರಲ್ಲಿ ಬ್ರಿಟಿಷ್ ತಂಡವೊಂದು ತುದಿಗೆ ಸ್ವಲ್ಪವೇ ದೂರ ಉಳಿದಿರುವಾಗ ಹಿಂದಿರುಗಿತು. ಆ ಬಳಿಕ ಆರೋಹಣಕ್ಕೆ ಅನುಮತಿ ಕೊಡುವುದನ್ನೇ ಸರ್ಕಾರ ನಿಲ್ಲಿಸಿತು. ಕಂಡದ್ದನ್ನೆಲ್ಲ ಹತ್ತಿ ಗೆಲ್ಲಬೇಕಿಲ್ಲ, ದೂರದಲ್ಲಿ ಕುಳಿತು ನೋಡಿದರೂ ಸಾಕು ಎಂಬ ಮಾತನ್ನು ನಾನು ಆ ಬೆಟ್ಟದಿಂದ ಕಲಿತೆ.

ಆದರೆ ಕುಳಿತಿರುವುದು ಸುಲಭವೆಂದು ಯಾರೂ ತಿಳಿಯಬಾರದು. ಮೊದಲ ಎರಡು ದಿನ ನನಗೆ ನೆಮ್ಮದಿಯೇ ಇರಲಿಲ್ಲ. ನಮ್ಮ ತಂದೆ ದವಸದ ಮಂಡಿಯಲ್ಲಿ ಹಮಾಲಿ. ಅವರು ಬಿಡುವು ಮಾಡಿದ ದಿನ ಕೂಲಿಯಿಲ್ಲ. ಅವರು ಮೂಟೆ ಹೊರುತ್ತಿರುವ ಹೊತ್ತಿನಲ್ಲಿ ಮಗನಾದವನು ಕೆರೆಯ ದಡದಲ್ಲಿ ಚಹಾ ಕುಡಿಯುತ್ತ ಕೂರುವುದು ಪಾಪವಲ್ಲವೆ? ವಿರಾಮವೆಂಬುದು ಉಳ್ಳವರ ಸೊತ್ತು ಎಂದೇ ನಾನು ಬೆಳೆದಿದ್ದೆ.

ಈ ತಪ್ಪು ತಿಳಿವಳಿಕೆಯನ್ನು ಬಿಡಿಸಿದ್ದು ಒಂದು ಕಟ್ಟೆ. ನೇಪಾಳದ ಬೆಟ್ಟದ ಹಾದಿಗಳಲ್ಲಿ ಅಲ್ಲಲ್ಲಿ ಅರಳಿ ಮತ್ತು ಆಲದ ಮರಗಳನ್ನು ಜೊತೆಯಾಗಿ ನೆಟ್ಟು ಸುತ್ತ ಕಲ್ಲಿನ ಕಟ್ಟೆ ಕಟ್ಟಿರುತ್ತಾರೆ. ಅದನ್ನು 'ಚೌತಾರಿ' ಎನ್ನುತ್ತಾರೆ. ನೋಡಲು ನಮ್ಮ ಅರಳಿಕಟ್ಟೆಯೇ. ಅಲ್ಲಿ ಹೊರೆಯಾಳುಗಳು ಬಿದಿರಿನ ಬುಟ್ಟಿಯನ್ನು ಬೆನ್ನಿಗೆ ಹಾಕಿ, ಅದರ ಪಟ್ಟಿಯನ್ನು ಹಣೆಗೆ ಕೊಟ್ಟು ಏರು ಹತ್ತುತ್ತಾರೆ. ಅವರು ಬಗ್ಗದೆ, ನಿಂತಲ್ಲಿಯೇ ಬುಟ್ಟಿಯನ್ನು ಒರಗಿಸುವಂತೆ ಆ ಕಟ್ಟೆಗೆ ಮೆಟ್ಟಿಲು ಇಟ್ಟಿರುತ್ತಾರೆ. ಇಂಥದನ್ನು ಕಟ್ಟಿಸುವುದು ಅಲ್ಲಿ ಪುಣ್ಯಕಾರ್ಯ. ನಮ್ಮ ನಾಡಿನ ಹಳೆಯ ದಾರಿಗಳಲ್ಲಿಯೂ ತಲೆಹೊರೆ ಇಳಿಸಲೆಂದು ನಿಲ್ಲಿಸಿದ ಕಲ್ಲುಗಳು ಕೆಲವೆಡೆ ಉಳಿದಿವೆಯಲ್ಲವೆ? ಹೊರುವವನಿಗೆ ವಿರಾಮ ಬೇಕೆಂಬುದನ್ನು ಆ ಕಾಲದವರು ಅರಿತಿದ್ದರು. ಅದನ್ನು ಭಿಕ್ಷೆಯೆಂದು ನೀಡದೆ ಕಲ್ಲಿನಲ್ಲಿ ಕಟ್ಟಿಕೊಟ್ಟರು. ಆ ಕಟ್ಟೆಯ ಮೇಲೆ ನನ್ನ ಚೀಲವನ್ನು ಇಳಿಸಿದಾಗ ನನಗೆ ತಂದೆಯ ಬೆನ್ನು ನೆನಪಾಯಿತು.

ನಾನಿದ್ದ ಮನೆಯ ಒಡತಿ ನನ್ನ ಊರು ಕೇಳಿದರು. ಬೆಂಗಳೂರಿನ ಕಡೆ ಎಂದೆ. ಅವರ ತಮ್ಮ ಬೆಂಗಳೂರಿನಲ್ಲಿ ದೊಡ್ಡ ವಸತಿಗೃಹವೊಂದರ ಕಾವಲುಗಾರನಂತೆ. ನಮ್ಮ ದಸರೆಯ ಕಾಲಕ್ಕೇ ಅಲ್ಲಿ 'ದಶೈಂ' ಎಂಬ ದೊಡ್ಡ ಹಬ್ಬ. ದೂರದಲ್ಲಿರುವವರು ಮನೆಗೆ ಬರುತ್ತಾರೆ. ವಿಜಯದಶಮಿಯಂದು ಹಿರಿಯರು ಕಿರಿಯರ ಹಣೆಗೆ ಅಕ್ಕಿ, ಮೊಸರು, ಕುಂಕುಮ ಕಲಸಿದ ತಿಲಕವಿಟ್ಟು ಹರಸುತ್ತಾರೆ. ತಮ್ಮನಿಗೆ ರಜೆ ಸಿಕ್ಕಿರಲಿಲ್ಲ. ಆ ದಿನ ಅವರ ವೃದ್ಧ ತಾಯಿ ನನ್ನನ್ನೂ ಸಾಲಿನಲ್ಲಿ ಕೂಡಿಸಿ ತಿಲಕವಿಟ್ಟರು. ನನ್ನ ಬಾಯಿಂದ ಮಾತು ಹೊರಡಲಿಲ್ಲ. ನಮ್ಮ ಪೇಟೆಯಲ್ಲಿ ರಾತ್ರಿ ಸೀಟಿ ಊದುತ್ತ, ಕೋಲು ಬಡಿಯುತ್ತ ತಿರುಗುವ ಗೂರ್ಖನನ್ನು ನಾನು ಚಿಕ್ಕಂದಿನಿಂದ ಬಲ್ಲೆ. ಅವನಿಗೂ ಒಂದು ಮನೆ, ಒಂದು ಹಬ್ಬ, ಕಾದು ಕುಳಿತ ತಾಯಿ ಇರಬಹುದೆಂದು ಒಮ್ಮೆಯೂ ಯೋಚಿಸಿರಲಿಲ್ಲ. ಒಂದೇ ಒಪ್ಪಂದ, ಒಂದೇ ಗಡಿ. ನಾನು ವಿರಾಮಕ್ಕೆಂದು ಅತ್ತ ಹೋದೆ. ಅವನು ದುಡಿಮೆಗೆಂದು ಇತ್ತ ಬಂದ.

ಓಡುತ್ತ ನೋಡಿದ್ದರೆ ಇದಾವುದೂ ನನ್ನ ಕಣ್ಣಿಗೆ ಬೀಳುತ್ತಿರಲಿಲ್ಲ. ವಿರಾಮ ಸೋಮಾರಿತನವಲ್ಲ, ಅದು ನಮ್ಮ ಕಣ್ಣು ತೆರೆಸುವ ವಿದ್ಯೆ. ಆದ್ದರಿಂದ ಮುಂದಿನ ವರ್ಷದ ಪ್ರವಾಸವನ್ನು ಏರ್ಪಡಿಸುವ ಕಿರಿಯ ಮಿತ್ರರಲ್ಲಿ ನನ್ನದೊಂದು ಬಿನ್ನಹ: ಹನ್ನೆರಡು ಊರುಗಳ ಬದಲು ಒಂದೇ ಊರನ್ನು ಆರಿಸಿ, ಅಲ್ಲಿಯ ಕಟ್ಟೆಯ ಮೇಲೆ ಕೂಡಿರಿ. ಇನ್ನೂ ಒಂದು ಮಾತು. ಪದವಿ ಪಡೆದು ನಾಳೆ ಕಚೇರಿಗಳಲ್ಲಿ ಕೂರುವವರು ನಾವು. ನಮ್ಮ ಕೈಕೆಳಗೆ ದುಡಿಯುವವನು ರಜೆ ಕೇಳಿದಾಗ ಚೌತಾರಿಯನ್ನು ನೆನೆಯೋಣ.

ಊರಿಗೆ ಬಂದು ಎಲ್ಲವನ್ನೂ ತಂದೆಗೆ ಹೇಳಿದೆ. ಅವರು ಬಹಳ ಹೊತ್ತು ಕೇಳಿ, 'ಸುಮ್ನೆ ಕೂರಕ್ಕೆ ಅಷ್ಟು ದೂರ ಹೋಗಿದ್ಯೇನ್ಲಾ?' ಎಂದು ನಕ್ಕರು. ಸ್ವಲ್ಪ ತಡೆದು, 'ಆ ಕಟ್ಟೆ ಎಷ್ಟೆತ್ತರ ಐತೆ?' ಎಂದರು. ನಾನು ಕೈಯಿಂದ ತೋರಿಸಿದೆ. ಸೊಂಟದ ಮಟ್ಟಕ್ಕೆ ಅಳೆದು ನೋಡಿ, 'ಸರಿಯಾಗಿ ಕಟ್ಟವ್ರೆ' ಎಂದರು. ನನಗೆ ಕೆಲಸ ಸಿಕ್ಕ ಮೊದಲ ವರ್ಷವೇ ಅವರನ್ನು ಕರೆದೊಯ್ದು ಅಲ್ಲಿ ಕೂರಿಸಬೇಕೆಂದಿದ್ದೇನೆ.