ಮೊದಲ ರಾಜ್ಯಪಾಲರನ್ನು ಆರಿಸಿದವರಾರು?



ಲೋಕದ ಮೊದಲನೆಯ ಅರಸನು ಹೇಗೆ ಬಂದನೆಂಬ ಕಥೆಯೊಂದು ಮಹಾಭಾರತದ ಶಾಂತಿಪರ್ವದಲ್ಲಿರುವುದು. ದೊಡ್ಡ ಮೀನು ಸಣ್ಣ ಮೀನನ್ನು ನುಂಗುವಂತೆ ಬಲಿಷ್ಠರು ದುರ್ಬಲರನ್ನು ಪೀಡಿಸತೊಡಗಲು, ಜನರು ಬ್ರಹ್ಮನ ಮೊರೆಹೊಕ್ಕರು. ಬ್ರಹ್ಮನು ಮನುವನ್ನು ತೋರಿಸಿದನು. ಮನುವಾದರೋ ಒಡನೆಯೇ ಒಪ್ಪಲಿಲ್ಲ. ಪಶು ಹಿರಣ್ಯಗಳಲ್ಲಿ ಐವತ್ತರಲ್ಲೊಂದು ಪಾಲನ್ನೂ ಧಾನ್ಯದಲ್ಲಿ ಹತ್ತರಲ್ಲೊಂದು ಪಾಲನ್ನೂ ಕೊಡುವೆವೆಂದು ಜನರು ವಚನವಿತ್ತ ಮೇಲೆಯೇ ಅವನು ಭಾರವನ್ನು ಹೊತ್ತನು. ಹೆಸರು ಮೇಲಿನಿಂದ ಬಂದಿತು. ಒಡಂಬಡಿಕೆ ಕೆಳಗಿನಿಂದ ಬಂದಿತು. ಎರಡೂ ಕೂಡಿದ ಮೇಲೆ ಆಳಿಕೆ ನಿಂತಿತು. ನಮ್ಮ ರಾಜ್ಯದ ಮೊದಲ ರಾಜ್ಯಪಾಲರ ವಿಷಯವನ್ನು ವಿಚಾರಮಾಡುವಾಗ ಈ ಕಥೆಯು ನೆನಪಿನಲ್ಲಿರತಕ್ಕದ್ದು.

ನಮ್ಮ ಸೀಮೆಯು ಈ ಎರಡು ಬಗೆಗಳನ್ನೂ ಕಂಡಿರುವುದು. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯು ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಬನವಾಸಿ ಹನ್ನೆರಡು ಸಾವಿರ ನಾಡಿನ ರಾಜಧಾನಿಯಾಗಿದ್ದಿತು. ಅಲ್ಲಿದ್ದು ನಾಡನ್ನಾಳಿದ ದಂಡನಾಯಕರು ಚಕ್ರವರ್ತಿಯ ಅಪ್ಪಣೆಯಿಂದ ಬಂದವರೇ ಹೊರತು, ಒಕ್ಕಲುಗಳು ಕೈಯೆತ್ತಿ ಆರಿಸಿದವರಲ್ಲ. ಅದೇ ತಾಲ್ಲೂಕಿನ ಈಸೂರಿನಲ್ಲಾದರೋ, ೧೯೪೨ನೆಯ ಇಸವಿಯ ಸೆಪ್ಟೆಂಬರಿನಲ್ಲಿ ಗ್ರಾಮಸ್ಥರು ತಮ್ಮ ಊರು ಸ್ವತಂತ್ರವೆಂದು ಸಾರಿ, ತಮ್ಮ ಊರಿನ ಬಾಲಕನೊಬ್ಬನನ್ನೇ ಅಮಲ್ದಾರನನ್ನಾಗಿಯೂ ಮತ್ತೊಬ್ಬನನ್ನು ಪೊಲೀಸು ಅಧಿಕಾರಿಯನ್ನಾಗಿಯೂ ನಿಲ್ಲಿಸಿದರು. ಆ ಸಾಹಸದ ಫಲವು ಘೋರವಾಯಿತು. ಊರಿಗೆ ಬಂದ ಸರ್ಕಾರದ ಅಮಲ್ದಾರರೂ ಸಬ್ ಇನ್‌ಸ್ಪೆಕ್ಟರರೂ ಗಲಭೆಯಲ್ಲಿ ಹತರಾದರು. ೧೯೪೩ರ ಮಾರ್ಚಿಯಲ್ಲಿ ಈಸೂರಿನ ಐವರು ಬೆಂಗಳೂರಿನ ಸೆರೆಮನೆಯಲ್ಲಿ ಗಲ್ಲಿಗೇರಿದರು. ನಮ್ಮನ್ನಾಳುವವರನ್ನು ನಾವೇ ಆರಿಸುವೆವೆಂಬ ಮಾತಿಗೆ ಇಷ್ಟು ಬೆಲೆ ತೆತ್ತ ಸೀಮೆಯವರು ನಾವು.

ಹಾಗಾದರೆ ೧೯೫೬ರ ನವೆಂಬರ್ ೧ರಂದು ಕನ್ನಡ ನಾಡು ಒಂದಾದಾಗ ಮೊದಲ ರಾಜ್ಯಪಾಲರನ್ನು ನಾವೇಕೆ ಆರಿಸಲಿಲ್ಲ? ರಾಜ್ಯಾಂಗ ಸಭೆಯು ಈ ಪ್ರಶ್ನೆಯನ್ನು ಉಪೇಕ್ಷಿಸಿರಲಿಲ್ಲ. ಪ್ರಾಂತದ ವಯಸ್ಕರೆಲ್ಲರೂ ಮತವಿತ್ತು ರಾಜ್ಯಪಾಲರನ್ನು ಆರಿಸಬೇಕೆಂದು ೧೯೪೭ರ ಜುಲೈಯಲ್ಲಿ ಆ ಸಭೆಯೇ ನಿಶ್ಚಯಿಸಿದ್ದಿತು. ೧೯೪೯ರ ಮೇ ತಿಂಗಳ ಕಡೆಯಲ್ಲಿ ಆ ನಿಶ್ಚಯವು ಬದಲಾಯಿತು. ಮುಖ್ಯಮಂತ್ರಿಯೂ ಜನರಿಂದ ಬಂದವನು, ರಾಜ್ಯಪಾಲನೂ ಜನರಿಂದ ಬಂದವನು ಎಂದಾದರೆ ಇಬ್ಬರೊಳಗೆ ಕಲಹವು ತಪ್ಪದು, ಒಂದು ಒರೆಯಲ್ಲಿ ಎರಡು ಕತ್ತಿಗಳು ಹಿಡಿಯವು ಎಂಬುದು ಮುಖ್ಯವಾದ ಕಾರಣ. ಆಗತಾನೆ ವಿಭಜನೆಯ ಗಾಯವುಂಡಿದ್ದ ದೇಶದಲ್ಲಿ ಪ್ರಾಂತಗಳು ಬೇರೆಬೇರೆಯಾಗಿ ಎಳೆದಾಡಬಾರದೆಂಬುದು ಮತ್ತೊಂದು. ಆದುದರಿಂದ ರಾಷ್ಟ್ರಪತಿಯೇ ನೇಮಿಸಲೆಂದು ತೀರ್ಮಾನವಾಯಿತು.

ಅಮೆರಿಕೆಯಲ್ಲಿ ಇದಕ್ಕೆ ವಿಪರೀತವಾದ ಕ್ರಮವುಂಟು. ಅಲಾಸ್ಕವೂ ಹವಾಯಿಯೂ ಕೇಂದ್ರಾಡಳಿತದಲ್ಲಿದ್ದ ತನಕ ಅಧ್ಯಕ್ಷರು ನೇಮಿಸಿದ ಗವರ್ನರರೇ ಅವನ್ನಾಳಿದರು. ೧೯೫೯ರಲ್ಲಿ ಅವು ರಾಜ್ಯಗಳಾಗಿ ಸೇರುವ ಸಂದರ್ಭದಲ್ಲಿ ಜನರೇ ಮತವಿತ್ತು ಮೊದಲ ಗವರ್ನರರನ್ನು ಆರಿಸಿದರು. ಆದರೆ ಅಲ್ಲಿ ಮುಖ್ಯಮಂತ್ರಿಯೆಂಬ ಬೇರೊಬ್ಬನಿಲ್ಲ. ಆಳುವ ಭಾರವೆಲ್ಲವೂ ಗವರ್ನರನದೇ. ಹೆಸರು ಒಂದೇ ಆದರೂ ಅಧಿಕಾರವು ಒಂದೇ ಅಲ್ಲ.

ನಮ್ಮಲ್ಲಿ ಮಹಾರಾಜ ಶ್ರೀ ಜಯಚಾಮರಾಜೇಂದ್ರ ಒಡೆಯರು ೧೯೫೦ರಿಂದ ರಾಜಪ್ರಮುಖರಾಗಿದ್ದವರು, ಏಕೀಕರಣದ ದಿನ ರಾಷ್ಟ್ರಪತಿಗಳ ನೇಮಕದಿಂದ ವಿಶಾಲ ಮೈಸೂರಿನ ಮೊದಲ ರಾಜ್ಯಪಾಲರಾದರು. ಹುಟ್ಟಿನಿಂದ ಅರಸರಾಗಿದ್ದವರು ನೇಮಕದ ಪತ್ರದಿಂದ ರಾಜ್ಯಪಾಲರಾದುದು ಸಣ್ಣ ಸಂಗತಿಯಲ್ಲ. ಆದರೂ ಆ ದಿನ ಪ್ರಜೆಗಳ ಒಡಂಬಡಿಕೆಯು ಬೇರೊಂದು ಕಡೆ ಇದ್ದಿತು: ಶಾಸನಸಭೆಯಲ್ಲಿ, ಆ ಸಭೆಗೆ ಉತ್ತರವಾದಿಗಳಾಗಿದ್ದ ಎಸ್. ನಿಜಲಿಂಗಪ್ಪನವರ ಮಂತ್ರಿಮಂಡಲದಲ್ಲಿ.

ಇದರ ಮರ್ಮವು ವಿವಾದ ಹುಟ್ಟಿದಾಗ ತಿಳಿಯುವುದು. ೧೯೮೯ರ ಏಪ್ರಿಲಿನಲ್ಲಿ ಎಸ್. ಆರ್. ಬೊಮ್ಮಾಯಿಯವರಿಗೆ ಬಹುಮತವಿಲ್ಲವೆಂದು ರಾಜ್ಯಪಾಲರು ವರದಿಮಾಡಲು, ಸಭೆಯಲ್ಲಿ ಪರೀಕ್ಷೆಯಾಗುವ ಮುನ್ನವೇ ಸರ್ಕಾರವು ವಜಾ ಆಯಿತು. ಬಹುಮತವನ್ನು ಅಳೆಯುವ ಸ್ಥಳವು ರಾಜಭವನವಲ್ಲ, ಶಾಸನಸಭೆಯೇ ಎಂದು ಸರ್ವೋಚ್ಚ ನ್ಯಾಯಾಲಯವು ೧೯೯೪ರ ಮಾರ್ಚಿಯಲ್ಲಿ ತೀರ್ಪಿತ್ತಿತು. ಸೊರಬದ ಎಸ್. ಬಂಗಾರಪ್ಪನವರು ೧೯೯೦ರಲ್ಲಿಯೂ, ಶಿಕಾರಿಪುರದ ಬಿ. ಎಸ್. ಯಡಿಯೂರಪ್ಪನವರು ೨೦೦೭ರಿಂದ ನಾಲ್ಕು ಬಾರಿಯೂ ಮುಖ್ಯಮಂತ್ರಿಗಳಾಗಿ ಪ್ರಮಾಣವಚನ ಸ್ವೀಕರಿಸಿದುದು ರಾಜ್ಯಪಾಲರ ಎದುರಿಗೇ. ಆದರೆ ೨೦೧೮ರ ಮೇ ತಿಂಗಳಲ್ಲಿ ಬಹುಮತವನ್ನು ತೋರಿಸಲು ರಾಜ್ಯಪಾಲರು ಕೊಟ್ಟಿದ್ದ ಹದಿನೈದು ದಿನಗಳ ಅವಧಿಯನ್ನು ನ್ಯಾಯಾಲಯವು ಮೊಟಕುಮಾಡಿತು. ಮತಗಳನ್ನೆಣಿಸುವ ಮುನ್ನವೇ ಮುಖ್ಯಮಂತ್ರಿಗಳು ರಾಜೀನಾಮೆಯಿತ್ತರು. ಪಕ್ಷ ಯಾವುದೇ ಇರಲಿ, ನ್ಯಾಯವು ಒಂದೇ: ಕರೆಯುವವರು ರಾಜ್ಯಪಾಲರು, ಉಳಿಸುವುದು ಸಭೆ.

ಆದುದರಿಂದ, ಗೃಹಸ್ಥರೂ ತಾಯಂದಿರೂ ಒಂದು ಮಾತನ್ನು ಮನಸ್ಸಿನಲ್ಲಿಡಬೇಕು. ರಾಜ್ಯಪಾಲರನ್ನು ಆರಿಸುವ ಹಕ್ಕನ್ನು ರಾಜ್ಯಾಂಗವು ನಮಗೆ ಕೊಡಲಿಲ್ಲ. ಕೊಡದಿರಲು ಯೋಗ್ಯವಾದ ಕಾರಣಗಳೂ ಇದ್ದವು. ಅಂದಮೇಲೆ ನಮ್ಮ ಒಡಂಬಡಿಕೆಯೆಲ್ಲವೂ ಶಾಸಕನನ್ನು ಆರಿಸುವ ಒಂದೇ ಮತದಲ್ಲಿ ಅಡಕವಾಗಿರುವುದು. ಮನುವಿಗೆ ಧಾನ್ಯದ ಪಾಲನ್ನು ಕೊಡುವೆವೆಂದ ಜನರು ಅವನಿಂದ ರಕ್ಷಣೆಯನ್ನು ಬೇಡಿದರು. ನಾವಾದರೋ ಸೀರೆಗೂ ನೋಟಿಗೂ ಮತವನ್ನಿತ್ತರೆ, ಕೊಡುವವರೂ ಬೇಡುವವರೂ ಅದಲುಬದಲಾದಂತಾಯಿತು. ಮತದಾನದ ಹಿಂದಿನ ರಾತ್ರಿ ಮನೆಬಾಗಿಲಿಗೆ ಅಂಥ ಕಾಣಿಕೆ ಬಂದಾಗ, ಈಸೂರಿನವರು ತೆತ್ತ ಬೆಲೆಯನ್ನು ಮನೆಯ ಮಕ್ಕಳಿಗೆ ಹೇಳಿ, ಬಂದವನನ್ನು ಬರಿಗೈಯಲ್ಲಲ್ಲ, ಅವನ ಕಾಣಿಕೆಯೊಡನೆಯೇ ಹಿಂದಕ್ಕೆ ಕಳುಹಿಸಿರಿ.