ಎಕ್ಕದ ಚಿಟ್ಟೆಗೆ ಕನ್ನಡದ ಹೆಸರು ಯಾಕಿಲ್ಲ?

ಆನೆ ನಮ್ಮ ರಾಜ್ಯದ ಪ್ರಾಣಿ. ನೀಲಕಂಠ ರಾಜ್ಯದ ಹಕ್ಕಿ. ಶ್ರೀಗಂಧ ರಾಜ್ಯದ ಮರ, ಕಮಲ ರಾಜ್ಯದ ಹೂವು. ಇವನ್ನೆಲ್ಲ ಯಾವ ಊರಿನ ಮಗುವಾದರೂ ಹೆಸರು ಹಿಡಿದು ಹೇಳುತ್ತದೆ. ರಾಜ್ಯಕ್ಕೊಂದು ಚಿಟ್ಟೆಯೂ ಇದೆ. ಅದರ ಹೆಸರು ಕೇಳಿ: ಸಹ್ಯಾದ್ರಿ ಬರ್ಡ್‌ವಿಂಗ್.

ಅರ್ಧ ನಮ್ಮದು, ಅರ್ಧ ಇಂಗ್ಲಿಷಿನದು. ಅದನ್ನು ಆರಿಸುವಾಗ ಕೊಟ್ಟ ಕಾರಣಗಳಲ್ಲಿ ಒಂದು, ಅದರ ಮೈಮೇಲೆ ಕನ್ನಡ ಬಾವುಟದ ಹಳದಿ, ಕೆಂಪು ಇದೆ ಅನ್ನುವುದು. ಬಣ್ಣದಲ್ಲಿ ಕನ್ನಡ ಹುಡುಕಿದವರಿಗೆ ಹೆಸರಿನಲ್ಲಿ ಕನ್ನಡ ಬೇಕು ಅನ್ನಿಸಲಿಲ್ಲ. ಪಕ್ಕದ ಕೇರಳದಲ್ಲಿ ಇದೇ ಚಿಟ್ಟೆಗೆ ಗರುಡಶಲಭ ಅನ್ನುತ್ತಾರೆ. ರೆಕ್ಕೆ ಬಿಚ್ಚಿದರೆ ಹೆಚ್ಚುಕಡಿಮೆ ಗೇಣಗಲ ಇರುವ ಚಿಟ್ಟೆಗೆ ಗರುಡ ಅನ್ನಲು ಅವರಿಗೆ ಯಾರ ಅಪ್ಪಣೆಯೂ ಬೇಕಾಗಲಿಲ್ಲ.

ನಮ್ಮ ಮಾತು ಇಷ್ಟೇ. ಇಂಗ್ಲಿಷ್ ಹೆಸರನ್ನು ಕನ್ನಡ ಅಕ್ಷರದಲ್ಲಿ ಬರೆದ ಮಾತ್ರಕ್ಕೆ ಅದು ಕನ್ನಡದ ಹೆಸರಾಗುವುದಿಲ್ಲ. ಚಿಟ್ಟೆಗಳಿಗೆ ನಮ್ಮ ಹೆಸರು ಬೇಕು. ಆ ಹೆಸರನ್ನು ಚಿಟ್ಟೆಯ ಮೈಗುರುತು ನೋಡಿ, ಅದರ ಹುಳು ಯಾವ ಗಿಡ ತಿನ್ನುತ್ತದೆ ಎಂದು ನೋಡಿ, ಊರಿನವರೇ ಇಡಬೇಕು.

ಈಗಿರುವ ಹೆಸರು ಎಲ್ಲಿಂದ ಬಂತು?

ಸ್ವೀಡನ್ ದೇಶದ ಲಿನೇಯಸ್ 1758ರಲ್ಲಿ ಪ್ರಾಣಿಗಳಿಗೆ ಎರಡು ಪದದ ವೈಜ್ಞಾನಿಕ ಹೆಸರು ಕೊಡುವ ಪದ್ಧತಿಯನ್ನು ಗಟ್ಟಿ ಮಾಡಿದ. ದೊಡ್ಡ ಚಿಟ್ಟೆಗಳನ್ನು ಗುಂಪು ಮಾಡುವಾಗ, ಎದೆಯ ಮೇಲೆ ರಕ್ತದ ಕಲೆಯಂಥ ಕೆಂಪು ಇದ್ದ ಕಪ್ಪು ಚಿಟ್ಟೆಗಳನ್ನು ಒಂದು ಕಡೆ ಇಟ್ಟ. ಗ್ರೀಕರ ಹಳೆಯ ಕಥೆಯಲ್ಲಿ ಟ್ರಾಯ್ ನಗರದ ವೀರರು ಯುದ್ಧದಲ್ಲಿ ಸಾಯುತ್ತಾರಲ್ಲ, ಆ ಗುಂಪಿಗೆ ಅವರ ಹೆಸರು ಹಚ್ಚಿದ. ನಮ್ಮ ಬೇಲಿಗಳ ಮೇಲೆ ಹಾರುವ, ಕಪ್ಪು ರೆಕ್ಕೆ, ಕೆಂಪು ಮೈ ಇರುವ ಚಿಟ್ಟೆಯೊಂದಕ್ಕೆ ಇವತ್ತಿಗೂ ವಿಜ್ಞಾನದಲ್ಲಿ ಹೆಕ್ಟರ್ ಎಂಬ ಟ್ರಾಯ್ ವೀರನ ಹೆಸರೇ ಇದೆ. ಇಂಗ್ಲಿಷಿನಲ್ಲಿ ಅದು ಕ್ರಿಮ್ಸನ್ ರೋಸ್.

ಆಮೇಲೆ ಬಂದವರು ಬ್ರಿಟಿಷರು. ಅವರಲ್ಲಿ ಚಿಟ್ಟೆ ಹಿಡಿಯುವ ಹವ್ಯಾಸದ ಸೇನಾಧಿಕಾರಿಗಳು ಬಹಳ ಮಂದಿ. ಅದಕ್ಕೇ ನಮ್ಮ ಚಿಟ್ಟೆಗಳ ಇಂಗ್ಲಿಷ್ ಹೆಸರಿನ ಪಟ್ಟಿ ಓದಿದರೆ ದಂಡಿನ ಹಾಜರಿ ಪುಸ್ತಕ ಓದಿದ ಹಾಗಿರುತ್ತದೆ: ಕಮಾಂಡರ್, ಸಾರ್ಜೆಂಟ್, ಕಮೋಡೋರ್. ಜೊತೆಗೆ ಬ್ಯಾರನ್, ನವಾಬ್, ರಾಜಾ. ಕರಿಬೇವಿನ ಗಿಡಕ್ಕೆ ಮೊಟ್ಟೆ ಇಡುವ ಕಪ್ಪು ಚಿಟ್ಟೆ ಕಾಮನ್ ಮಾರ್ಮನ್ ಆಯಿತು. ಅದರಲ್ಲಿ ಹೆಣ್ಣುಗಳು ಬೇರೆ ಬೇರೆ ವೇಷದಲ್ಲಿರುತ್ತವೆ. ಅಮೆರಿಕದ ಮಾರ್ಮನ್ ಪಂಥದವರು ಹಿಂದೆ ಹಲವು ಹೆಂಡಿರನ್ನು ಮಾಡಿಕೊಳ್ಳುತ್ತಿದ್ದರು ಎಂಬ ಕುಹಕ ಆ ಹೆಸರಿನಲ್ಲಿದೆ. ನಮ್ಮ ಹಿತ್ತಲ ಕರಿಬೇವಿಗೂ ಆ ಪಂಥಕ್ಕೂ ಎಲ್ಲಿಯ ಸಂಬಂಧ?

ಲಿನೇಯಸ್ ತನಗೆ ಗೊತ್ತಿದ್ದ ಕಥೆಯಿಂದ ಹೆಸರು ತೆಗೆದ. ಅಧಿಕಾರಿಗಳು ತಮ್ಮ ದಂಡಿನಿಂದ ತೆಗೆದರು. ಇಬ್ಬರೂ ಕಣ್ಣಿಗೆ ಬಿದ್ದ ಗುರುತನ್ನು ಬಾಯಿಗೆ ಪರಿಚಯವಿದ್ದ ಮಾತಿಗೆ ಕಟ್ಟಿದರು. ಹೆಸರು ಹುಟ್ಟುವುದೇ ಹಾಗೆ. ಅವರಿಗಿದ್ದ ಆ ಹಕ್ಕು ರಾಜಾನುಕುಂಟೆಯವರಿಗೆ, ಹೆಸರಘಟ್ಟದವರಿಗೆ ಯಾಕಿಲ್ಲ?

ಹೆಸರಿಡುವುದು ನಮಗೆ ಹೊಸದೇ?

ಮೈಮೇಲೆ ಕಟ್ಟು ಕಟ್ಟು ಇರುವ ಹಾವು ಕಟ್ಟುಹಾವು. ಮರ ಕುಟ್ಟುವ ಹಕ್ಕಿ ಮರಕುಟಿಗ. ಮೈಯೆಲ್ಲ ಕೂದಲಿರುವ ಹುಳು ಕಂಬಳಿಹುಳು. ಕೆರೆ ಮೇಲೆ ಹಾರುವ, ನೀಳ ಬಾಲದ ಕೀಟಕ್ಕೆ ಮಕ್ಕಳು ಏರೋಪ್ಲೇನ್ ಚಿಟ್ಟೆ ಅಂದರು. ಅದು ಚಿಟ್ಟೆಯ ಜಾತಿಯೇ ಅಲ್ಲ, ಆದರೂ ಹೆಸರು ನಿಂತಿತು. ಮೈ ನೋಡಿ ಇಟ್ಟ ಹೆಸರು ಅದು, ಒಮ್ಮೆ ಕೇಳಿದರೆ ಮರೆಯುವುದಿಲ್ಲ.

ದೇವನಹಳ್ಳಿ, ವಿಜಯಪುರ, ಶಿಡ್ಲಘಟ್ಟದ ಕಡೆ ರೇಷ್ಮೆ ಸಾಕುವವರನ್ನು ಮಾತಾಡಿಸಿ ನೋಡಿ. ಚಾಕಿ ಹುಳು, ಜ್ವರಕ್ಕೆ ಕೂತ ಹುಳು, ಜ್ವರ ಎದ್ದ ಹುಳು, ಹಣ್ಣಾದ ಹುಳು, ಗೂಡು, ಚಿಟ್ಟೆ. ಒಂದು ಕೀಟದ ಇಡೀ ಬದುಕು ಅವರ ಮಾತಿನಲ್ಲಿದೆ. ಮೇವು ಬಿಟ್ಟು, ತಲೆ ಎತ್ತಿ ಅಲುಗಾಡದೆ ಕೂತು ಪೊರೆ ಬಿಡುವ ಹುಳುವನ್ನು ನೋಡಿ ಅದಕ್ಕೆ ಜ್ವರ ಅಂದರಲ್ಲ, ಅದಕ್ಕಿಂತ ಚೆನ್ನಾದ ಪದವನ್ನು ಯಾವ ಪಂಡಿತ ಕಟ್ಟಿಕೊಟ್ಟಾನು?

ಹಾಗಾದರೆ ಚಿಟ್ಟೆಗಳ ವಿಷಯದಲ್ಲಿ ಮಾತ್ರ ಯಾಕೆ ಎಲ್ಲವೂ ಬರೀ "ಚಿಟ್ಟೆ" ಅಥವಾ "ಪಾತರಗಿತ್ತಿ"? ನಮಗೆ ತೋಚುವ ಕಾರಣ ಒಂದೇ. ಕಚ್ಚುವುದಕ್ಕೆ ಹೆಸರಿಟ್ಟೆವು, ಕಾಸು ಕೊಡುವುದಕ್ಕೆ ಹೆಸರಿಟ್ಟೆವು, ಬೆಳೆ ತಿನ್ನುವುದಕ್ಕೆ ಹೆಸರಿಟ್ಟೆವು. ಚಿಟ್ಟೆ ಈ ಮೂರರಲ್ಲೂ ಇಲ್ಲ ಎಂದುಕೊಂಡೆವು.

ಆದರೆ ಬೆಳೆ ತಿನ್ನುವ ಲೆಕ್ಕದಲ್ಲಿ ಚಿಟ್ಟೆಯೂ ಇದೆ. ದಾಳಿಂಬೆ ಬೆಳೆಯುವವರಿಗೆಲ್ಲ ಕಾಯಿ ಕೊರಕ ಗೊತ್ತು. ಆ ಹುಳು ಬೆಳೆದು ಆಗುವುದು ಒಂದು ಸಣ್ಣ, ಚೆಂದದ ಚಿಟ್ಟೆ. ಗಂಡಿನ ರೆಕ್ಕೆ ನೀಲಿ ಮಿಂಚಿನದು. ಹೆಣ್ಣು ಕಂದು, ಮುಂದಿನ ರೆಕ್ಕೆಯಲ್ಲಿ ಕಿತ್ತಳೆ ಮಚ್ಚೆ. ಹೆಣ್ಣು ಹೂವಿನ ಬುಡಕ್ಕೆ, ಎಳೆ ಕಾಯಿಗೆ ಮೊಟ್ಟೆ ಇಡುತ್ತದೆ. ಹುಳು ಒಳಗೆ ಕೊರೆದುಕೊಂಡು ಹೋದ ಮೇಲೆ ಔಷಧಿ ಹೊಡೆದರೆ ಅದಕ್ಕೆ ಸರಿಯಾಗಿ ತಾಗುವುದಿಲ್ಲ. ಚಿಟ್ಟೆ ಕಂಡ ದಿನವೇ ಗುರುತು ಹಿಡಿದರೆ ಕಾಯಿಗೆ ಚೀಲ ಕಟ್ಟಬಹುದು, ಬಿದ್ದ ಕಾಯಿ ಆರಿಸಿ ನಾಶ ಮಾಡಬಹುದು. ಹುಳಕ್ಕೆ ಹೆಸರಿದೆ, ಚಿಟ್ಟೆಗೆ ಹೆಸರಿಲ್ಲ. ಹಾಗಾಗಿ ಎರಡೂ ಒಂದೇ ಜೀವ ಅನ್ನುವುದೇ ಕಣ್ಣು ತಪ್ಪುತ್ತದೆ. "ದಾಳಿಂಬೆ ಕೊರಕ ಚಿಟ್ಟೆ" ಎಂಬ ಮೂರು ಪದದ ಹೆಸರು ಆ ಗಂಟನ್ನು ಹಾಕಿಕೊಡುತ್ತದೆ.

ಹೇಗೆ ಇಡಬೇಕು?

ಗುಂಪು ಗುರುತಿಸುವುದು ಒಂದು ಕೆಲಸ, ಹೆಸರಿಡುವುದು ಇನ್ನೊಂದು. ಗುಂಪು ಗುರುತಿಸಲು ಬಣ್ಣ ಸಾಲದು, ಮೈಕಟ್ಟು ನೋಡಬೇಕು. ಮೊದಲು ತಲೆ ಮೇಲಿನ ಮೀಸೆ. ತುದಿಯಲ್ಲಿ ಬೆಂಕಿಕಡ್ಡಿಯ ತಲೆಯಂತೆ ಗುಂಡಗಿದ್ದರೆ ಚಿಟ್ಟೆ. ಗರಿಯಂತೆಯೋ ಬರೀ ದಾರದಂತೆಯೋ ಇದ್ದರೆ ಸಾಮಾನ್ಯವಾಗಿ ಪತಂಗ. ಮೀಸೆಯ ತುದಿ ಕೊಕ್ಕೆಯಂತೆ ಬಾಗಿ, ಮೈ ದಪ್ಪಗಿದ್ದು, ಜಿಗಿದು ಜಿಗಿದು ಹಾರಿದರೆ ಅದೊಂದು ಗುಂಪು. ನಾಲ್ಕೇ ಕಾಲಿನ ಮೇಲೆ ಕೂತಂತೆ ಕಂಡರೆ ಇನ್ನೊಂದು ಗುಂಪು. ಅವಕ್ಕೂ ಕಾಲು ಆರೇ, ಮುಂದಿನ ಎರಡು ಕುಗ್ಗಿ ಎದೆಗೆ ಅಂಟಿರುತ್ತವೆ. ದೊಡ್ಡ ಮೈ, ಆರೂ ಕಾಲು ಸ್ಪಷ್ಟ, ಹಲವಕ್ಕೆ ಹಿಂದಿನ ರೆಕ್ಕೆಯಲ್ಲಿ ಬಾಲ: ಅದು ಮೂರನೆಯದು. ಬಿಳಿ, ಹಳದಿಯವು ನಾಲ್ಕನೆಯದು. ಹೆಬ್ಬೆರಳ ಉಗುರಿನಷ್ಟಿರುವ ನೀಲಿಗಳು ಐದನೆಯದು. ಆರನೆಯದೊಂದು ಸಣ್ಣ ಗುಂಪು ಇದೆ, ಅದು ಹೆಚ್ಚಾಗಿ ಘಟ್ಟದ ಕಡೆಯದು. ಭಾರತದ 1,300ಕ್ಕೂ ಹೆಚ್ಚು ಬಗೆಯ ಚಿಟ್ಟೆಗಳು ಈ ಆರು ಗುಂಪಿನಲ್ಲೇ ಬರುತ್ತವೆ.

ಇನ್ನು ಹೆಸರು. ರೆಕ್ಕೆಯ ಬಣ್ಣವೊಂದನ್ನೇ ನೋಡಿ ಹೆಸರಿಟ್ಟರೆ ಚಿಟ್ಟೆ ನಮ್ಮನ್ನು ಯಾಮಾರಿಸುತ್ತದೆ. ಕರಿಬೇವಿನ ಆ ಕಪ್ಪು ಚಿಟ್ಟೆಯನ್ನೇ ತೆಗೆದುಕೊಳ್ಳಿ. ಅದರ ಕೆಲವು ಹೆಣ್ಣುಗಳು ಈಶ್ವರಿ ಬಳ್ಳಿ ತಿಂದು ಬೆಳೆದ ವಿಷದ ಚಿಟ್ಟೆಗಳ ಹಾಗೆಯೇ ವೇಷ ಹಾಕಿರುತ್ತವೆ. ಹಕ್ಕಿ ಮೋಸಹೋಗಿ ಬಿಟ್ಟುಬಿಡುತ್ತದೆ. ರೆಕ್ಕೆ ಬಿಟ್ಟು ಮೈ ನೋಡಿ: ಈಶ್ವರಿ ಬಳ್ಳಿಯದರ ಮೈ ಕೆಂಪು, ಕರಿಬೇವಿನದರ ಮೈ ಕಪ್ಪು. ಬಣ್ಣ ನೋಡಿ ಹೊರಟರೆ ಗಂಡಿಗೊಂದು, ಹೆಣ್ಣಿಗೊಂದು ಹೆಸರಾಗುತ್ತದೆ. ಗಿಡ ಹಿಡಿದರೆ ಎರಡಕ್ಕೂ ಒಂದೇ ಹೆಸರು ಸಾಕು: ಕರಿಬೇವಿನ ಚಿಟ್ಟೆ.

ಗಿಡವೊಂದೇ ಸಾಕೇ? ಅದೂ ಸಾಲದು. ನಿಂಬೆ ಗಿಡಕ್ಕೆ ಇದೂ ಬರುತ್ತದೆ, ಕಪ್ಪು-ಹಳದಿ ಚುಕ್ಕೆಗಳ, ಬಾಲವಿಲ್ಲದ ಇನ್ನೊಂದೂ ಬರುತ್ತದೆ. ಅಲ್ಲಿ ಗುರುತನ್ನೂ ಸೇರಿಸಿ "ಚುಕ್ಕೆ ನಿಂಬೆ ಚಿಟ್ಟೆ" ಅನ್ನಬೇಕು. ಗಿಡ ಮತ್ತು ಗುರುತು, ಎರಡೂ ಸೇರಿದರೆ ಹೆಸರು ಗಟ್ಟಿ.

ಈ ದಾರಿಯನ್ನು ಮಲಯಾಳಿಗಳು ಆಗಲೇ ತುಳಿದಿದ್ದಾರೆ. ಎಕ್ಕದ ಗಿಡ ಬಿಟ್ಟು ಹೋಗದ ಕಿತ್ತಳೆ ಬಣ್ಣದ ಚಿಟ್ಟೆಗೆ, ಅಂದರೆ ಪ್ಲೇನ್ ಟೈಗರಿಗೆ, ಅವರ ಹೆಸರು ಎರಿಕ್ಕುತಪ್ಪಿ. ಎಕ್ಕವನ್ನು ತಡಕಾಡುವುದು ಎಂದು ಅರ್ಥ. ಹೆಸರಿನಲ್ಲೇ ಗಿಡವಿದೆ. ಇದೇ ಚಿಟ್ಟೆಯ ವೇಷ ಹಾಕುವ ಇನ್ನೊಂದು ಚಿಟ್ಟೆಯ ಹೆಣ್ಣು ನಮ್ಮಲ್ಲಿದೆ. ಅದರ ಹುಳು ತಿನ್ನುವುದು ಗೋಣಿ ಸೊಪ್ಪು, ನಾವು ಸಾರಿಗೆ ಹಾಕುವ ಅದೇ ಸೊಪ್ಪು. ಹಿಂದಿನ ರೆಕ್ಕೆಯ ನಡುವೆ ಕಪ್ಪು ಚುಕ್ಕೆಗಳಿದ್ದರೆ ಎಕ್ಕದ ಚಿಟ್ಟೆ, ಇಲ್ಲದಿದ್ದರೆ ಗೋಣಿ ಸೊಪ್ಪಿನ ಚಿಟ್ಟೆ. ಇದನ್ನು ಹೊಲದಲ್ಲಿ ಕಳೆ ಕೀಳುವವರಿಗೆ ಎರಡು ನಿಮಿಷದಲ್ಲಿ ಹೇಳಿಕೊಡಬಹುದು. ಪ್ಲೇನ್ ಟೈಗರ್, ಡನಾಯ್ಡ್ ಎಗ್‌ಫ್ಲೈ ಎಂದು ಹೇಳಿಕೊಡಲು ಹೋಗಿ ನೋಡಿ.

ಬೇಡ ಅನ್ನುವವರ ಮಾತು

"ವೈಜ್ಞಾನಿಕ ಹೆಸರು ಇದೆಯಲ್ಲ, ಸಾಲದೇ?" ಅನ್ನುತ್ತಾರೆ. ಅದು ಇರಲಿ, ಪ್ರಪಂಚಕ್ಕೆಲ್ಲ ಒಂದೇ ಹೆಸರು ಬೇಕೇ ಬೇಕು. ಆದರೆ ರಾಗಿಗೂ ವೈಜ್ಞಾನಿಕ ಹೆಸರಿದೆ. ಅದನ್ನು ಹೇಳಿ ಯಾರೂ ಅಂಗಡಿಯಲ್ಲಿ ರಾಗಿ ಕೇಳುವುದಿಲ್ಲ.

"ಒಂದೊಂದು ಊರಲ್ಲಿ ಒಂದೊಂದು ಹೆಸರಾದರೆ ಗೊಂದಲ" ಅನ್ನುತ್ತಾರೆ. ಆಗಲಿ. ಒಂದೇ ಹಣ್ಣಿಗೆ ಇಲ್ಲಿ ಎಲಚಿ, ಅಲ್ಲಿ ಬೋರೆ ಅನ್ನುತ್ತೇವೆ, ಹಣ್ಣು ಮಾರಾಟ ನಿಂತಿಲ್ಲ. ಮೊದಲು ಹೆಸರು ಹುಟ್ಟಲಿ, ಪಟ್ಟಿ ಆಮೇಲೆ ಮಾಡೋಣ.

"ಪಂಡಿತರು ಒಳ್ಳೆಯ ಹೆಸರು ಕಟ್ಟಿಕೊಡುತ್ತಾರೆ" ಅನ್ನುತ್ತಾರೆ. ಕನ್ನಡದಲ್ಲಿ ಹೆಸರು ಕೊಡುವ ಪ್ರಯತ್ನ ನಡೆದೇ ಇಲ್ಲ ಎಂದಲ್ಲ. ಆದರೆ ಇಂಗ್ಲಿಷ್ ಹೆಸರಿನ ಪದಕ್ಕೆ ಪದ ಇಟ್ಟು "ಸಾಮಾನ್ಯ ಕಾಗೆ" ಅಂದರೆ ಅದು ಚಿಟ್ಟೆಯೋ ಕಾಗೆಯೋ ಎಂದು ಕೇಳಬೇಕಾಗುತ್ತದೆ. ಆ ಚಿಟ್ಟೆಯ ಹುಳು ಕಣಗಿಲೆ ತಿನ್ನುತ್ತದೆ. ಕಣಗಿಲೆ ಚಿಟ್ಟೆ ಅಂದರೆ ಯಾರಿಗೆ ಅರ್ಥವಾಗುವುದಿಲ್ಲ?

ಇದು ಈಗಲೇ ಯಾಕೆ?

ಬೆಂಗಳೂರಿನ ಉತ್ತರ ದಿಕ್ಕು ನೋಡಿ. ಹೆಬ್ಬಾಳದಲ್ಲಿ ಕೃಷಿ ಕೀಟಗಳ ರಾಷ್ಟ್ರೀಯ ಬ್ಯೂರೋ. ಬಳ್ಳಾರಿ ರಸ್ತೆಯಲ್ಲಿ ಮುಂದೆ ಜಿಕೆವಿಕೆ ಕೃಷಿ ವಿಶ್ವವಿದ್ಯಾಲಯ. ಅದೇ ಆವರಣದ ಎನ್‌ಸಿಬಿಎಸ್‌ನಲ್ಲಿ ಚಿಟ್ಟೆ ವಿಜ್ಞಾನಿ ಕೃಷ್ಣಮೇಘ ಕುಂಟೆ ಅವರ ತಂಡವಿದೆ, ದೇಶದ ಚಿಟ್ಟೆಗಳ ದೊಡ್ಡ ಜಾಲತಾಣ ಅವರದು. ಹೆಸರಘಟ್ಟದಲ್ಲಿ ತೋಟಗಾರಿಕೆ ಸಂಶೋಧನಾ ಸಂಸ್ಥೆ. ಕೀಟ ಬಲ್ಲವರು ಇಷ್ಟು ಮಂದಿ ಇರುವ ಇದೇ ದಿಕ್ಕಿನಲ್ಲಿ ಎಕ್ಕ, ತಂಗಡಿ, ಎಲಚಿ, ಈಶ್ವರಿ ಬಳ್ಳಿ ಇರುವ ಬೇಲಿಗಳು ಲೇಔಟಿಗಾಗಿ ನೆಲಸಮ ಆಗುತ್ತಿವೆ. ಜೆಸಿಬಿ ಬಂದಾಗ ಆ ಜಾಗಕ್ಕೆ ಒಂದೇ ಹೆಸರು: ಪಾಳು ಜಮೀನು. ಎಕ್ಕದ ಚಿಟ್ಟೆ, ಎಲಚಿ ಚಿಟ್ಟೆ ಎಂದು ಊರಿನ ಬಾಯಲ್ಲಿದ್ದರೆ, ಗಿಡ ಕಿತ್ತಾಗ ಏನು ಹೋಯಿತು ಎಂದಾದರೂ ತಿಳಿಯುತ್ತಿತ್ತು.

ಇದಕ್ಕೆ ಕಾನೂನಿನ ಬಲವೂ ಇದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಗಿಡ, ಪ್ರಾಣಿ, ಕೀಟ, ಅವುಗಳ ಬಗ್ಗೆ ಜನರಿಗೆ ಗೊತ್ತಿರುವುದು, ಎಲ್ಲವನ್ನೂ ಸೇರಿಸಿ ಜನತಾ ಜೀವವೈವಿಧ್ಯ ದಾಖಲಾತಿ ಮಾಡಬೇಕು. ಅದರಲ್ಲಿ ಸ್ಥಳೀಯ ಹೆಸರು ಬರೆಯಲು ಜಾಗವಿದೆ. ಆ ಜಾಗದಲ್ಲಿ ಕಾಮನ್ ಮಾರ್ಮನ್ ಎಂದು ತುಂಬಿದರೆ ಅದು ಯಾವ ಊರಿನ ಸ್ಥಳೀಯ ಹೆಸರು?

ವಿಜ್ಞಾನಿಗಳಿಗೆ ನಮ್ಮದೊಂದು ಕೋರಿಕೆ. ಜಿಕೆವಿಕೆ ಕೃಷಿ ಮೇಳಕ್ಕೆ ಊರೂರಿಂದ ಬಸ್ಸು ಮಾಡಿಕೊಂಡು ಜನ ಬರುತ್ತಾರೆ. ಒಂದು ಮಳಿಗೆಯಲ್ಲಿ ಚಿಟ್ಟೆ, ಹುಳು, ಗಿಡದ ಚಿತ್ರ ತೂಗುಹಾಕಿ. ಹೆಸರು ಬರೆಯಬೇಡಿ. "ನಿಮ್ಮೂರಲ್ಲಿ ಇದಕ್ಕೆ ಏನಂತೀರಿ?" ಎಂದು ಕೇಳಿ ಬರೆದುಕೊಳ್ಳಿ.

ಓದುವ ನಿಮಗೂ ಒಂದು ಕೆಲಸ. ಫೋನು ಕೈಯಲ್ಲೇ ಇದೆ. ಚಿಟ್ಟೆ ಕೂತಾಗ ರೆಕ್ಕೆಯ ಮೇಲ್ಭಾಗ, ಅಡಿಭಾಗ, ಮೈ, ಮೀಸೆ ಕಾಣುವ ಹಾಗೆ ಚಿತ್ರ ತೆಗೆಯಿರಿ. ಮೊಟ್ಟೆ ಇಟ್ಟ ಗಿಡದ ಚಿತ್ರ ಮರೆಯಬೇಡಿ. ಅಜ್ಜ ಅಜ್ಜಿಯನ್ನು, ಕುರಿ ಮೇಯಿಸುವವರನ್ನು ಹೆಸರು ಕೇಳಿ. ಹಳೆಯ ಹೆಸರಿದ್ದರೆ ಅದೇ ನಿಲ್ಲಲಿ. ಇಲ್ಲದಿದ್ದರೆ ಗಿಡ, ಗುರುತು ನೋಡಿ ಒಂದು ಹೆಸರಿಡಿ. ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು, ಜೀವವೈವಿಧ್ಯ ದಾಖಲಾತಿ ಎಲ್ಲಿದೆ, ಅದರಲ್ಲಿ ಚಿಟ್ಟೆಯ ಪುಟ ತೋರಿಸಿ ಎಂದು ಕೇಳಿ. ಪುಟ ಖಾಲಿ ಇದ್ದರೆ ನೀವು ಇಟ್ಟ ಹೆಸರನ್ನು ಅಲ್ಲೇ ಬರೆಸಿ.